ತಪ್ಪಚ್ಚಿನ ಹಾಳಿ ಬೆನ್ನಿಗೆ

ಲಕ್ಕುಂಡಿ ಕಡೆಯವರ ಲಗ್ನಪತ್ರಿಕಾ.
ವರನ ಹೆಸರಿನಾಗ ಒಂದು ಒತ್ತು ಬಿದ್ದು
ಐದುನೂರು ಹಾಳಿ ರದ್ದಿಗೆ ಹ್ವಾದವು.
ನಾಕು ಹಾಳಿ ಮಡಚಿ ಕಿಸೆದಾಗ ಇಟಗೊಂಡು ಬಂದೆ.
ರಾತ್ರಿ ಊಟಾದ ಮ್ಯಾಲೆ
ಗಣಪತಿ ಚಿತ್ರದ ಬೆನ್ನಿಗೆ ಶೈಲಾ ಬರದಳು:
ಪಾರ್ಕಿಗೆ ಹೋಗೂದು. ಒಂದೂವರಿ ದಿನ.
ಕೆಳಗ ಎರಡು ಗೆರಿ ಎಳದಳು,
ಆಗಲೇ ಹೋಗಿ ಬಂದಂಗ.

ಊರ ಮಂದಿ ಪಂಚಾಂಗ ತಗದು
ಲಗ್ನದ ದಿನಾ ಹುಡುಕತಾರ.
ನಾವು ಲಗ್ನ ಇಲ್ಲದ ದಿನಾ ಹುಡುಕಿದಿವಿ.
ಆಷಾಢದಾಗ ಒಂದು ಶನಿವಾರ ಸಿಕ್ಕಿತು,
ಅದರ ಬೆನ್ನಹತ್ತಿ ಒಂದು ರವಿವಾರ.
ಹೊಸಾ ಗಂಡಹೆಂಡತಿನ್ನ ಅಗಲಸೂ ತಿಂಗಳು
ಪ್ರೆಸ್ಸಿನವರನ್ನ ಕೂಡಸ್ತೈತಿ.
ಮಳಿಗಾಲದಾಗ ನೀರಾಟೇನ, ಅಂದಳು ಅವ್ವ ಫೋನಿನ್ಯಾಗ.
ತೊಯ್ಯಾಕಂತನ ಹೊಂಟವರಿಗೆ
ಮಳಿ ಏನ್ಮಾಡೀತು ಬೇ.

ಹುಬ್ಬಳ್ಳ್ಯಾಗ ಅಕ್ಕನ ಮನಿ ಐತಿ, ಕೇಶ್ವಾಪುರದಾಗ.
ಶೈಲಾ ಪೆನ್ನು ಕೆಳಗಿಟ್ಟಳು.
"ಅದು ರಜಾ ಅಲ್ಲ, ಅಡಗಿಮನಿ ಬದಲಿ."
ಲಾಜು, ಅಂತ ಬರದಳು. ಬಿಸಿನೀರು ಕೇಳೂದು, ಅಂತನೂ.
ಅಕ್ಕಗ ಗೊತ್ತಾದರ?
ಆ ಸಾಲು ಖಾಲಿನ ಬಿಟ್ಟಿವಿ.

ಮಗಳ ಹೆಸರು ಇಂಚರಾ. ಕರಿಯೂದು ಇಂಚು.
ದಿನಾ ಕಟಿಂಗ್ ಮಷೀನಿನ ಮುಂದ ನಿಂತು ಹಾಳಿ ಕೊಯ್ಯಾವ ನಾನು,
ಇಂಚಿನ ಲೆಕ್ಕ ನನಗ ಬಾಯಿಪಾಠ.
ಆದರೂ ಆಕಿನ್ನ ಬಾಗಲಚೌಕಟ್ಟಿಗೆ ನಿಲ್ಲಿಸಿ
ತಲಿ ಮ್ಯಾಲೆ ಪಟ್ಟಿ ಇಟ್ಟು ಮೂರು ಸಲ ಅಳದೆ.
ನಲವತ್ತು.
ಮೂವತ್ತಾರು ದಾಟಿದರ ಟಿಕೀಟು.
ನಲವತ್ತೆರಡು ಮುಟ್ಟಿದರ ದೊಡ್ಡ ಜಾರುಬಂಡಿ.
ರೊಕ್ಕಾ ಕೊಡಾಕ ದೊಡ್ಡಾಕಿ,
ಆಡಾಕ ಸಣ್ಣಾಕಿ.
"ಎತ್ತರಕ್ಕ ಜುಟ್ಟ ಕಟ್ಟಿದರ?" ಅಂದಳು ಶೈಲಾ.
ಅಷ್ಟ ಮ್ಯಾಲಿಂದ ಅಕಿ ಒಬ್ಬಾಕಿನ ನಮ್ಮನ್ನ ನೋಡತಾಳಲ್ಲ,
ಆವಾಗ ಏನ್ಮಾಡೂದು, ಅಂದೆ.
ಜುಟ್ಟ, ಅಂತ ಬರದಿದ್ದಳು.
ಹೊಡದು ಹಾಕಿದಳು.

ಮುಂಜಾನಿ ಪ್ಯಾಸೆಂಜರು.
ಹುಲಕೋಟಿ, ಅಣ್ಣಿಗೇರಿ, ಕುಸುಗಲ್ಲ,
ಘಳಿಗಿಗೊಮ್ಮೆ ಬಂತೇನು ಬಂತೇನು ಅನ್ನಬಾರದಂತ
ಹಾದಿ ಹೆಸರು ಮದಲ ಕಲಿಸಿಟ್ಟಿವಿ.
ಈಗ ಒಂದೊಂದು ಹೆಸರಿಗೂ ಕೇಳತಾಳ:
ಅಲ್ಲೂ ಒಂದು ಪಾರ್ಕ್ ಐತೇನು?

ಹೊರಗಿನ ತಿನಸು ಒಳಗ ಬಿಡಂಗಿಲ್ಲಂತ.
ಚಪಾತಿ, ಶೇಂಗಾ ಹಿಂಡಿ ಗೇಟಿನ ಹೊರಗ ಕುಂತು ತಿನ್ನೂದು.
ಒಳಗ ಒಂದ ಐಸ್ಕ್ರೀಂ, ಅಕಿಗೆ.
ಒಂದ ಯಾಕ, ಅಂದೆ.
ಎರಡು, ಅಂತ ತಿದ್ದಿದಳು. ಮೂರು ಅನ್ನಲಿಲ್ಲ.

ಎಲ್ಲಾ ಆತು ಅನ್ನೂದರಾಗ ಶೈಲಾಗ ನೆಪ್ಪಾತು,
ಆ ಶನಿವಾರನ ನಮ್ಮ ಓಣಿಗೆ ನಳಾ ಬರೂ ಪಾಳಿ.
ಅವತ್ತ ತಪ್ಪಿದರ ಮತ್ತ ಎಂಟೋ ಹತ್ತೋ ದಿನ.
ಲಾಜು ಬಿಡೂಣು, ಅಂದೆ. ಸುಮ್ಮನಾದಳು.
ಪಾರ್ಕನ ಬಿಡೂಣು, ಅನ್ನಲಿಲ್ಲ ಯಾರೂ,
ಆದರ ಆ ಮಾತು ಹಾಸಿಗಿ ತುದಿಗೆ ಬಂದು ಕುಂತಿತ್ತು.
ಕಡೀಕ, ಬಾಜೂಮನಿ ಹುಸೇನಬಿಗೆ ಕೀಲಿ ಕೊಡೂದು,
ಮದಲ ಬ್ಯಾರಲ್ಲು, ಆಮ್ಯಾಲೆ ಕೊಡಾ,
ಸೋರೂ ಪೈಪಿಗೆ ಅರಬಿ ಸುತ್ತೂದು.
ಮುಂದಿನ ಪಾಳಿಗೆ ಅವರದು ನಾವು ತುಂಬೂದು.

ಮಲಗ್ಯಾಳ ಅಂದಕೊಂಡಿದ್ದಿವಿ. ಕೌದಿ ಒಳಗಿಂದ ಬಂತು:
"ಅಪ್ಪಾ, ಪಾರ್ಕಿನಾಗ ದಿನಾ ನಳಾ ಬರತೈತೇನು?"
ಬರತೈತಿ.
"ರಾತ್ರಿನೂ?"
ಹೂಂ, ಮಲಗಿನ್ನ.
"ಹಂಗಾರ ನನ್ನ ಸಣ್ಣ ಕೊಡಾ ಒಯ್ಯೂಣು."

ಶೈಲಾ ನಗಲಿಲ್ಲ.
ಟವೆಲ್ಲು, ಜ್ವರದ ಔಷಧಿ, ಎರಡು ಜೋಡಿ ಅರಬಿ,
ಅದರ ಕೆಳಗ
ಸಣ್ಣ ಕೊಡಾ, ಅಂತ ಬರದಳು.
ನಾನು ಹಾಳಿ ದೀಪಕ್ಕ ಹಿಡದೆ.
ಹಿಂದಿನ ಅಕ್ಷರ ಅಕಿ ಅಕ್ಷರದಾಗ ತಿರುವುಮುರುವಾಗಿ ಮೂಡಿದ್ದವು,
ತಮ್ಮ ಸುಖಾಗಮನ ಬಯಸುವ,
ಹೆಸರು ತಪ್ಪಿದ ಆ ವರ.

ಲಾಜಿಗೆ ಫೋನ್ ಮಾಡೂದು ಇನ್ನೂ ಉಳದೈತಿ.